ಹಗ್ಗದ ಪಾಲು

ಬೆಂಗಳೂರಿನಲ್ಲಿ ಬಂಗುಡೆಗೆ ತಲೆ ಇರುವುದಿಲ್ಲ. ಮೊಬೈಲಿನಲ್ಲಿ ಒತ್ತಿ 40 ನಿಮಿಷ ಕಳೆಯುವುದರೊಳಗೆ ಹುಡುಗನೊಬ್ಬ ಗೇಟಿನ ಬಳಿ ತಂದು ಕೊಡುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಕುತ್ತಿಗೆಯಿಂದ ಕೆಳಗೆ ಮಾತ್ರ ಇರುವ ನಾಲ್ಕು ಮೀನುಗಳು ತೆಳು ಹಾಳೆ ಹೊದ್ದು ಮಲಗಿರುತ್ತವೆ. ಹಾಳೆಯ ಮೇಲೆ ‘ಇಂದಿನ ತಾಜಾ’ ಎಂಬ ಚೀಟಿ. ಯಾವತ್ತಿನ ಇಂದು ಎಂದು ವಿಚಾರಿಸೋಣವೆಂದರೆ ಮೀನಿಗೆ ಮುಖವೇ ಇಲ್ಲ.

ನಮ್ಮ ಕುಂದಾಪುರದ ಕಡೆ ಮೀನು ಕೊಳ್ಳುವುದೆಂದರೆ ಮೊದಲು ಅದರ ಮುಖ ನೋಡುವುದು. ಕಣ್ಣು ಉಬ್ಬಿ ತಿಳಿಯಾಗಿದೆಯೋ, ಬೆಂದ ಮೊಟ್ಟೆಯ ಹಾಗೆ ಬಿಳಿಚಿಕೊಂಡಿದೆಯೋ. ಕಿವಿರು ಎತ್ತಿದರೆ ದಾಸವಾಳದ ಕೆಂಪು ಇದೆಯೋ, ಹಳೆಯ ಇಟ್ಟಿಗೆಯ ಬಣ್ಣವೋ. ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆಯೋ, ಮತ್ತೆ ಏಳುತ್ತದೆಯೋ. ನನಗೆ ಹೆಣ್ಣು ನೋಡಲು ಹೋದಾಗ ಅಮ್ಮ ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಅಲ್ಲಿ ಹತ್ತು ನಿಮಿಷಕ್ಕೆ ಒಪ್ಪಿ ಕಾಫಿ ಕುಡಿದು ಎದ್ದವಳು, ಮೀನಿನ ಬುಟ್ಟಿಯ ಮುಂದೆ ಮಾತ್ರ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂರುತ್ತಾಳೆ.

ಮುಖವಿಲ್ಲದ ಮೀನನ್ನು ನಂಬಿ ನಾನೊಮ್ಮೆ ಪೇಚಿಗೆ ಬಿದ್ದದ್ದೂ ಉಂಟು. ಊಟ ಮುಗಿದ ಅರ್ಧ ಗಂಟೆಗೆ ನಾಲಿಗೆ ಚುರುಗುಟ್ಟಿ, ಮುಖ ಕೆಂಪಾಗಿ, ಕುತ್ತಿಗೆಯ ಮೇಲೆಲ್ಲ ದದ್ದು ಎದ್ದಿತು. ಐವತ್ತು ವರ್ಷ ತಿಂದ ಮೀನು ಈಗ ನನಗೆ ಒಗ್ಗದಾಯಿತೇ ಎಂದು ಕಂಗಾಲಾಗಿ ಡಾಕ್ಟರರ ಬಳಿ ಹೋದೆ. ಅವರು ನಕ್ಕು, ಒಗ್ಗದ್ದು ಮೀನಲ್ಲ, ಅದು ಬಿಸಿಲಲ್ಲಿ ಕಳೆದ ಹೊತ್ತು ಎಂದರು. ಬಂಗುಡೆ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು; ಮಂಜುಗಡ್ಡೆ ಕಾಣದೆ ಸೆಕೆಯಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ; ಆಮೇಲೆ ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವಳಿಗೆ ಹಿಸ್ಟಮಿನ್ ಕಟ್ಟಿಕೊಂಡು ಏನೂ ಆಗಬೇಕಿರಲಿಲ್ಲ. ‘ತಲಿ ಇಲ್ದಿದ್ ಮೀನ್ ತಿಂದ್ರೆ ಮತ್ತೆಂತ ಆತ್ತ್?’ ಎಂದಳು.

ಆ್ಯಪಿನ ಇನ್ನೊಂದು ವಿಶೇಷವೆಂದರೆ ಅದಕ್ಕೆ ಮಳೆಗಾಲ ಗೊತ್ತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲೂ ಗಂಗೊಳ್ಳಿಯಲ್ಲೂ ಬೋಟುಗಳು ಒಂದಕ್ಕೊಂದು ಹೆಗಲು ತಾಗಿಸಿ ತೂಕಡಿಸುತ್ತಿರುತ್ತವೆ. ಆದರೂ ಬೆಂಗಳೂರಿನಲ್ಲಿ ಜೂನ್ ಕೊನೆಗೂ ಬಂಗುಡೆ ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುವುದರಿಂದ, ಇಲ್ಲಿನ ಕಡಲಿಗೆ ಬೀಗ ಬಿದ್ದಾಗ ಅಲ್ಲಿನ ಕಡಲಿನ ಬಾಗಿಲು ತೆರೆದಿರುತ್ತದೆ. ಲಾರಿಗಳಿಗೆ ಎರಡೂ ಕಡಲು ಒಂದೇ. ಇದನ್ನು ತಿಳಿದುಕೊಂಡ ದಿನ ನಾನು ದೊಡ್ಡ ಸಂಶೋಧನೆ ಮಾಡಿದವನಂತೆ ಬೀಗಿದೆ. ತಿನ್ನುವಾಗ ಮಾತ್ರ, ಬೇರೆ ಊರಿನ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಕೂತ ಹಾಗಾಯಿತು.

ಅಮ್ಮನ ಪಂಚಾಂಗ ಬೇರೆ. ಆಸಾಡಿಯಲ್ಲಿ ಅವಳದು ಒಣಮೀನು, ಹಲಸಿನ ಬೀಜ, ಮಾವಿನ ಮಿಡಿ. ರಾತ್ರಿ ಕಡಲು ಕೂಗುವುದನ್ನು ಮಲಗಿದಲ್ಲೇ ಕೇಳಿ, ‘ಇನ್ನೂ ಬಡ್ಗಾಯಿಂದ ಕೂಗ್ತಾ ಇತ್ತ್’ ಎಂದು ದಿಕ್ಕು ಹಿಡಿದು ಹೇಳುತ್ತಾಳೆ. ನಡುವೆ ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಹೋಗಲು ಅನುಮತಿ ಉಂಟು. ಅವರು ಕಾಯುವುದು ತೂಫಾನಿಗೆ. ತೂಫಾನೆಂದರೆ ಪೇಟೆಯವರು ಹೆದರುತ್ತಾರೆ, ನಾಡದೋಣಿಯವರು ಬರಲಿಲ್ಲವಲ್ಲ ಎಂದು ಕೊರಗುತ್ತಾರೆ. ಕಡಲು ಒಮ್ಮೆ ಸರಿಯಾಗಿ ಕಲಕಿ ಎದ್ದು ಇಳಿದರೆ ಮೀನು ದಡದ ಕಡೆಗೆ ಬರುತ್ತದೆಂಬುದು ಅವರ ಲೆಕ್ಕ. ಆಮೇಲೆ ನೂಲ ಹುಣ್ಣಿಮೆ, ಸಮುದ್ರಕ್ಕೆ ಹಾಲು, ತೆಂಗಿನಕಾಯಿ. ಸೋಣೆ ತಿಂಗಳ ಹೊಸ್ತಿಲ ಪೂಜೆ. ಚೌತಿ. ಚೌತಿಯ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ಊರಿನ ಬಾಯಿ ಒಟ್ಟಿಗೇ ಮೀನಿಗೆ ತೆರೆಯುತ್ತದೆ. ಮೊನ್ನೆ ಸೆಪ್ಟೆಂಬರಿನಲ್ಲಿ ಆ ಹೊತ್ತಿಗೇ ಅವಳ ಫೋನು ಬಂತು.

‘ಬೀಜಾಡಿ ಬದಿಯಂಗೆ ಬಂಗ್ಡಿ ಬಿದ್ದಿತ್ತಂಬ್ರ್’ ಎಂದಳು. ಬಾ ಎಂದು ಹೇಳಲಿಲ್ಲ. ಅವಳು ಯಾವತ್ತೂ ಬಾ ಎನ್ನುವುದಿಲ್ಲ, ಮೀನಿನ ಸುದ್ದಿ ಮಾತ್ರ ಹೇಳುತ್ತಾಳೆ. ನಾನು ಆ ರಾತ್ರಿಯ ಬಸ್ಸು ಹತ್ತಿದೆ.

ಬಂಗುಡೆ ಬೇರೆ ತಿಂಗಳಲ್ಲಿ ಸಿಗುವುದಿಲ್ಲವೆಂದಲ್ಲ. ಆದರೆ ಮಳೆ ಹಿಂದೆ ಸರಿಯುವ ಕಾಲದ ಬಂಗುಡೆಯೇ ಬೇರೆ. ಮುಂಗಾರಿನ ತಿಂಗಳುಗಳಲ್ಲಿ ಈ ಕರಾವಳಿಯ ಮೇಲಿನ ನೀರು ಗಾಳಿಗೆ ಆಚೆ ಸರಿದು, ಕೆಳಗಿನ ತಣ್ಣೀರು ಮೇಲೇಳುತ್ತದೆ; ತಳದ ಗೊಬ್ಬರವೆಲ್ಲ ಅದರ ಜೊತೆ ಮೇಲೆ ಬರುತ್ತದೆ. ಬಿಸಿಲು ಬಿದ್ದದ್ದೇ ತಡ, ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲವಕಗಳು ಕೋಟಿಗಟ್ಟಲೆ ಹುಟ್ಟಿಕೊಳ್ಳುತ್ತವೆ. ಗದ್ದೆಯಲ್ಲಿ ನಾವು ನೇಜಿ ನೆಟ್ಟು ಕಾಯುವ ಅದೇ ಹೊತ್ತಿಗೆ ಕಡಲಿನಲ್ಲೂ ಒಂದು ಬೆಳೆ ಏಳುತ್ತದೆಂದು ಲೆಕ್ಕ. ಬೈಗೆಯೂ ಬಂಗುಡೆಯೂ ಅದನ್ನು ಮೇದು ಕೊಬ್ಬುತ್ತವೆ. ಬೈಗೆ ಎಂದರೆ ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ. ಒಂದೇ ಮೀನಿಗೆ ಒಂದೇ ಹೆಸರಿಟ್ಟರೆ ಕರಾವಳಿಯವರಿಗೆ ನಿದ್ದೆ ಬರುವುದಿಲ್ಲ.

ಬಂಗುಡೆಯ ಬಾಯಿಯನ್ನು ಎರಡು ಬೆರಳಲ್ಲಿ ಅಗಲಿಸಿ ಒಮ್ಮೆ ಒಳಗೆ ನೋಡಬೇಕು. ಕಿವಿರಿನ ಒಳಬದಿಗೆ ಹಕ್ಕಿಯ ಗರಿಯಂಥ ಉದ್ದನೆಯ ಎಳೆಗಳ ಸಾಲು. ನೀರು ಆಚೆ ಹೋಗುತ್ತದೆ, ಮೇವು ಒಳಗೆ ಉಳಿಯುತ್ತದೆ. ಇದನ್ನು ಕಂಡೇ ವಿಜ್ಞಾನಿಗಳು ಅದರ ಕುಲಕ್ಕೆ ‘ರಾಸ್ಟ್ರೆಲಿಗರ್’ ಎಂದು ಹೆಸರಿಟ್ಟರು. ಕುಂಟೆ ಹೊತ್ತವನು ಎಂಬರ್ಥದ ಲ್ಯಾಟಿನ್. ಅದರ ಮುಂದಿನ ಹೆಸರು ‘ಕನಗುರ್ತ’ ಮಾತ್ರ ಅಪ್ಪಟ ತೆಲುಗು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ ಮೀನುಗಳ ಚಿತ್ರ ಬರೆಸಿ 1803ರಲ್ಲಿ ಪುಸ್ತಕ ತಂದಾಗ ಅಲ್ಲಿಯ ಬೆಸ್ತರ ಬಾಯಿಯ ಹೆಸರನ್ನೇ ಇಟ್ಟ. ಫ್ರಾನ್ಸಿನ ಕ್ಯುವಿಯೇ ಅದನ್ನೇ ಎತ್ತಿಕೊಂಡು ಶಾಸ್ತ್ರದೊಳಗೆ ಸೇರಿಸಿದ. ಅವತ್ತು ಆ ವೈದ್ಯನ ಕೆಲಸ ಗಂಗೊಳ್ಳಿಯಲ್ಲಿದ್ದಿದ್ದರೆ ಜಗತ್ತಿನ ವಿಜ್ಞಾನಿಗಳೆಲ್ಲ ಈಗ ‘ಬಂಗ್ಡಿ’ ಎನ್ನುತ್ತಿದ್ದರು. ನನಗೆ ಇದೊಂದು ಸಣ್ಣ ಹೊಟ್ಟೆಕಿಚ್ಚು.

ಬೆಳಿಗ್ಗೆ ಆರೂವರೆಗೆ ಬಸ್ಸಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಮನೆಗೂ ಹೋಗದೆ ನೇರ ಕಡಲ ಬದಿಗೆ ಹೋದೆ. ಕೈರಂಪಣಿ ಬಲೆಯ ಒಂದು ಹಗ್ಗ ದಡದಲ್ಲಿತ್ತು. ದೋಣಿ ಬಲೆಯನ್ನು ಇಳಿಸುತ್ತ ಇಳಿಸುತ್ತ ನೀರಿನಲ್ಲಿ ಅರ್ಧಚಂದ್ರದ ಹಾಗೆ ಸುತ್ತು ಹಾಕಿ, ಇನ್ನೊಂದು ತುದಿಯ ಹಗ್ಗವನ್ನು ಇನ್ನೂರು ಮಾರು ಆಚೆ ದಡಕ್ಕೆ ತಂದಿತು. ಬೆಂಡುಗಳ ಸಾಲು ನೀರ ಮೇಲೆ ಯಾರೋ ಮಣಿಸರ ಬಿಸಾಡಿ ಹೋದಂತೆ ಬಿದ್ದಿತ್ತು. ಎರಡೂ ಕಡೆ ಹದಿನೈದಿಪ್ಪತ್ತು ಜನ. ದೋಣಿಯ ತಂಡೇಲ ಅರುವತ್ತೈದರ ಆಸುಪಾಸಿನವರು, ಸೊಂಟಕ್ಕೆ ಟವೆಲು, ತಲೆಗೆ ಕ್ರಿಕೆಟ್ ಟೊಪ್ಪಿ. ನಾನು ಕೈಕಟ್ಟಿ ನಿಂತು ಸೂರ್ಯನ ಬೆಳಕು ನೀರಿನ ಮೇಲೆ ಬೀಳುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದೆ.

‘ಹ್ವಾಯ್, ಫೋಟೋಕ್ಕೆ ಮೀನ್ ಬತ್ತಿಲ್ಲೆ. ಹಗ್ಗ ಹಿಡ್ಕಣಿ’ ಎಂದರು ತಂಡೇಲರು.

ಹಿಡಿದುಕೊಂಡೆ. ಹಗ್ಗ ಎಳೆಯುವುದನ್ನು ಮಕ್ಕಳ ಆಟವೆಂದು ತಿಳಿದವನು ನಾನು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನವೂ ಬಂದಿತ್ತು. ಅಲ್ಲಿ ಎದುರಿಗಿದ್ದದ್ದು ಒಂಬತ್ತನೇ ತರಗತಿ, ಇಲ್ಲಿ ಅರಬ್ಬೀ ಸಮುದ್ರ. ಸಮುದ್ರ ಎಳೆಯುವುದಿಲ್ಲ, ಬಿಡುವುದೂ ಇಲ್ಲ, ಸುಮ್ಮನೆ ಭಾರವಾಗಿ ಕೂತಿರುತ್ತದೆ. ತೆರೆ ದಡಕ್ಕೆ ಬರುವಾಗ ಹಗ್ಗ ಸಡಿಲವಾಗುತ್ತದೆ, ಆಗ ಗಬಕ್ಕನೆ ಎಳೆದುಕೊಳ್ಳಬೇಕು. ತೆರೆ ಹಿಂದೆ ಸರಿಯುವಾಗ ಹಿಮ್ಮಡಿ ಮರಳಿನಲ್ಲಿ ಹೂತು ತಡೆದು ನಿಲ್ಲಬೇಕು. ನಾನು ಇದನ್ನು ತಿರುಗುಮುರುಗು ಮಾಡುತ್ತಿದ್ದೆ. ತೆರೆ ಹೋಗುವಾಗ ಎಳೆದೆಳೆದು ಸೋತು, ಬರುವಾಗ ಉಸ್ಸೆಂದು ಸುಧಾರಿಸಿಕೊಳ್ಳುತ್ತಿದ್ದೆ. ನನ್ನ ಮುಂದಿದ್ದ ಹುಡುಗ, ಹೆಚ್ಚೆಂದರೆ ಹದಿನೆಂಟು ವರ್ಷದವನು, ಹಿಂದಕ್ಕೆ ತಿರುಗಿ ನೋಡಿ ಏನೂ ಹೇಳದೆ ಸ್ವಲ್ಪ ಜೋರಾಗಿ ಎಳೆಯತೊಡಗಿದ. ನನ್ನ ಪಾಲಿನದನ್ನೂ ಅವನೇ ಎಳೆಯುತ್ತಿದ್ದಾನೆಂದು ತಿಳಿಯಲು ನನಗೆ ಹತ್ತು ನಿಮಿಷ ಬೇಕಾಯಿತು.

ಸಿನಿಮಾದಲ್ಲಿ ಇಂಥ ಹೊತ್ತಿಗೆ ಎಲ್ಲರೂ ಐಲೆಸಾ ಎಂದು ಹಾಡುತ್ತಾರೆ. ಇಲ್ಲಿ ಯಾರೂ ಹಾಡಲಿಲ್ಲ. ಒಬ್ಬರು ತಮ್ಮ ಮಗಳ ಕಾಲೇಜಿನ ಫೀಸಿನ ಮಾತಾಡುತ್ತಿದ್ದರು, ಇನ್ನೊಬ್ಬರು ಪರ್ಸೀನ್ ಬೋಟಿನವರನ್ನು ಬೈಯುತ್ತಿದ್ದರು. ಆಚೆ ಬದಿಯ ಹಗ್ಗದವರು ನಿಧಾನವಾಗಿ ನಮ್ಮ ಕಡೆಗೆ ಸರಿಯುತ್ತಿದ್ದರು. ಬಲೆಯ ಎರಡು ಕೈಗಳೂ ಹತ್ತಿರವಾದಷ್ಟು ಹಗ್ಗ ಗಡುಸಾಯಿತು. ಗರುಡಗಳು ಎಲ್ಲಿದ್ದವೋ, ತಲೆಯ ಮೇಲೆ ಸುತ್ತತೊಡಗಿದವು. ಕಾಗೆಗಳು ಮೊದಲೇ ಬಂದು ದೋಣಿಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು, ನಾಯಿಗಳು ಮರಳಿನಲ್ಲಿ. ಹಗ್ಗ ಮುಟ್ಟದೆ ಪಾಲಿಗೆ ಕಾಯುವವರು ಇವರಿಷ್ಟೇ.

ಅಮ್ಮ ಹುಡುಗಿಯಾಗಿದ್ದಾಗ ಇದೇ ದಡದಲ್ಲಿ ದೊಡ್ಡ ರಂಪಣಿ ಇತ್ತು. ಈಗಿನದು ಅದರ ಮೊಮ್ಮಗು, ಅದಕ್ಕೇ ಕೈರಂಪಣಿ. ಆಗಿನ ಬಲೆ ಕಿಲೋಮೀಟರು ಉದ್ದದ್ದು, ಎಳೆಯಲು ನೂರರ ಹತ್ತಿರ ಜನ. ಬಂಗುಡೆಯ ಹಿಂಡು ಬಂದದ್ದನ್ನು ನೀರಿನ ಬಣ್ಣ ನೋಡಿಯೇ ಹೇಳುವವರಿದ್ದರು. ಕತ್ತಲ ರಾತ್ರಿಯಾದರೆ ಹಿಂಡು ಓಡಿದಲ್ಲೆಲ್ಲ ನೀರು ಮಿಂಚುವುದನ್ನು ನೋಡಿ. ಸುತ್ತು ಹಾಕಿದ ಮೀನು ಹೆಚ್ಚಾದರೆ ಒಂದೇ ದಿನ ಎಳೆದು ಮುಗಿಸುತ್ತಿರಲಿಲ್ಲ. ಬಲೆಯನ್ನು ನೀರಿನಲ್ಲೇ ಕೊಟ್ಟಿಗೆಯ ಹಾಗೆ ನಿಲ್ಲಿಸಿ ದಿನಾ ಬೇಕಾದಷ್ಟು ತೆಗೆಯುತ್ತಿದ್ದರಂತೆ. ಊರಿನ ಯಾರು ಬೇಕಾದರೂ ಬಂದು ಹಗ್ಗಕ್ಕೆ ಕೈ ಹಾಕಬಹುದಿತ್ತು. ಕೈ ಹಾಕಿದವನಿಗೆ ಪಾಲು. ಅಮ್ಮಮ್ಮ ಗದ್ದೆಯ ಕೆಲಸ ಬಿಟ್ಟು ಹೆಡಿಗೆ ಹಿಡಿದು ಓಡುತ್ತಿದ್ದಳಂತೆ. ಸಾರಿಗೆ ಮುಗಿಯದ್ದು ಉಪ್ಪಿಗೆ, ಉಪ್ಪಿಗೂ ಮುಗಿಯದ್ದು ತೆಂಗಿನ ಬುಡಕ್ಕೆ.

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವವರೆಗೆ ಅದು ಕಾಯುವುದಿಲ್ಲ, ಹಿಂಡು ಇದ್ದಲ್ಲಿಗೇ ಹೋಗಿ ಸುತ್ತು ಹಾಕಿ ಕೆಳಗಿನಿಂದ ಹಗ್ಗ ಬಿಗಿದು ಚೀಲದ ಬಾಯಿ ಕಟ್ಟಿದ ಹಾಗೆ ಕಟ್ಟಿ ಎತ್ತುತ್ತದೆ. ಕೆಲವೇ ವರ್ಷಗಳಲ್ಲಿ ರಂಪಣಿ ದೋಣಿಗಳು ದಡದ ಚಪ್ಪರಗಳಲ್ಲಿ ಗೆದ್ದಲಿಗೆ ಬಿದ್ದವು. ಪರ್ಸೀನಿನಿಂದ ಮನೆ ಕಟ್ಟಿದವರೂ ಮಕ್ಕಳನ್ನು ಓದಿಸಿದವರೂ ಅದೇ ಊರಿನಲ್ಲಿದ್ದಾರೆ, ನಾನು ಹೊರಗಿನಿಂದ ನಿಂತು ತೀರ್ಪು ಕೊಡುವಂತಿಲ್ಲ. ಅಮ್ಮನ ಲೆಕ್ಕ ಮಾತ್ರ ಸರಳ. ಮೊದಲು ಮೀನು ಬಂದರೆ ಊರಿಗೇ ಕೂಗು ಹಾಕಬೇಕಿತ್ತು, ಈಗ ಐಸಿನ ಲಾರಿಗೆ ಫೋನು ಮಾಡಿದರೆ ಸಾಕು.

ಬಲೆಯ ಚೀಲ ಕೊನೆಗೂ ದಡದ ನೊರೆಗೆ ಬಂತು. ನಾನು ನಿರೀಕ್ಷಿಸಿದ್ದು ಬೆಳ್ಳಿಯ ರಾಶಿ. ಮೊದಲು ಕಂಡದ್ದು ಅಂಟಂಟಾದ ಜೆಲ್ಲಿ ಮೀನುಗಳು, ಒಂದು ಪ್ಲಾಸ್ಟಿಕ್ ಬಾಟಲಿ, ಯಾರದೋ ಒಂದು ಕಾಲಿನ ಚಪ್ಪಲಿ, ಮುಟ್ಟಿದರೆ ಚೆಂಡಿನಂತೆ ಊದಿಕೊಳ್ಳುವ ಮೀನು ಎರಡು, ನಾಲ್ಕಾರು ನಂಗು, ಕೋಪ ಮಾಡಿಕೊಂಡ ಏಡಿಗಳು. ಆಮೇಲೆ ಅವುಗಳ ಅಡಿಯಿಂದ ಬಂಗುಡೆ. ಬಲೆಯೊಳಗೆ ಜಡಿಮಳೆ ಹೆಂಚಿನ ಮೇಲೆ ಬಿದ್ದಂಥ ಸದ್ದು. ಹೋಟೆಲಿನ ತಟ್ಟೆಯಲ್ಲಿ ಕೆಂಪಗೆ ಕಾಣುವ, ಆ್ಯಪಿನಲ್ಲಿ ಬೂದು ಬಣ್ಣಕ್ಕಿರುವ ಮೀನಿನ ನಿಜವಾದ ಬಣ್ಣ ನೋಡಲು ಆ ಎರಡು ನಿಮಿಷವೇ ಸಮಯ. ಬೆನ್ನು ನವಿಲಿನ ಕುತ್ತಿಗೆಯ ಹಸಿರು, ಅದರ ಮೇಲೆ ಉದ್ದುದ್ದ ಕಪ್ಪು ಗೆರೆ, ರೆಕ್ಕೆಯ ಬುಡದ ಹತ್ತಿರ ದೃಷ್ಟಿಬೊಟ್ಟಿನಂಥ ಒಂದು ಕಪ್ಪು ಚುಕ್ಕೆ, ಹೊಟ್ಟೆಯಲ್ಲಿ ಬೆಳಿಗ್ಗೆಯ ಬಿಸಿಲು. ನೋಡುತ್ತಿರುವಂತೆಯೇ ಹಸಿರು ಆರಿ ನೀಲಿಯಾಯಿತು, ನೀಲಿ ಆರಿ ಸೀಸವಾಯಿತು. ಬಂಗುಡೆ ನೀರಿನ ಹೊರಗೆ ಹೆಚ್ಚು ಹೊತ್ತು ಬದುಕುವ ಮೀನಲ್ಲ. ಮೊಬೈಲು ತೆಗೆಯಬೇಕೆಂದು ಹೊಳೆಯುವಾಗ ಕೈಯೆಲ್ಲ ಮರಳಾಗಿತ್ತು.

ಹೆಚ್ಚಿನ ಮೀನು ದಡದಲ್ಲೇ ಏಲಂ ಆಗಿ ಬುಟ್ಟಿಗೆ ಹೋಯಿತು. ಉಳಿದದ್ದನ್ನು ತಂಡೇಲರು ಮರಳಿನ ಮೇಲೆ ಪಾಲು ಮಾಡತೊಡಗಿದರು. ತಕ್ಕಡಿ ಇಲ್ಲ. ಒಂದೊಂದು ಗುಡ್ಡೆಗೆ ಎರಡೆರಡು ಮೀನು ಎಸೆಯುತ್ತ ಹೋಗುತ್ತಾರೆ, ಕೊನೆಗೆ ಒಮ್ಮೆ ಹಿಂದೆ ಸರಿದು ನೋಡಿ ಈ ಗುಡ್ಡೆಯದೊಂದು ತೆಗೆದು ಆ ಗುಡ್ಡೆಗೆ ಹಾಕುತ್ತಾರೆ. ದೋಣಿಗೆ ಪಾಲು, ಬಲೆಗೆ ಪಾಲು, ಎಳೆದವರಿಗೆ ಪಾಲು. ಒಂದು ಸಣ್ಣ ಗುಡ್ಡೆ ತೋರಿಸಿ ನನ್ನ ಕಡೆಗೆ ಗಲ್ಲ ಎತ್ತಿದರು. ಎಂಟು ಬಂಗುಡೆ, ಒಂದು ಏಡಿ.

ಆಗ ನಾನು ಒಂದು ಕೆಲಸ ಮಾಡಿದೆ. ಜೇಬಿನಿಂದ ಪರ್ಸು ತೆಗೆದು, ‘ಅಣ್ಣ, ಎಷ್ಟಾಯ್ತು?’ ಎಂದೆ.

ಸುತ್ತ ನಿಂತವರೆಲ್ಲ ಬೇರೆ ಬೇರೆ ದಿಕ್ಕು ನೋಡತೊಡಗಿದರು. ತಂಡೇಲರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡು, ‘ಎಳ್ದದ್ದಕ್ಕೆ ನಾವ್ ನಿಮ್ಗೆ ಎಷ್ಟ್ ಕೊಡ್ಕ್?’ ಎಂದು ಕೇಳಿದರು. ಬಹಳ ಮರ್ಯಾದೆಯಿಂದಲೇ ಕೇಳಿದರು. ಪರ್ಸು ಒಳಗೆ ಹೋಯಿತು. ನನ್ನ ಮುಂದಿದ್ದ ಹುಡುಗ ತೆಂಗಿನ ಗರಿಯ ಕಡ್ಡಿಯೊಂದನ್ನು ಸಿಗಿದು, ಎಂಟೂ ಮೀನಿನ ಕಿವಿರಿನೊಳಗಿಂದ ಬಾಯಿಗೆ ಪೋಣಿಸಿ ನನ್ನ ಕೈಗೆ ಕೊಟ್ಟ. ಏಡಿಯನ್ನು ಅವನೇ ಇಟ್ಟುಕೊಂಡ. ಅವನು ಎಳೆದ ಲೆಕ್ಕಕ್ಕೆ ನಾಲ್ಕು ಬಂಗುಡೆಯನ್ನೂ ಇಟ್ಟುಕೊಳ್ಳಬಹುದಿತ್ತು.

ಮೀನಿನ ಮಾಲೆ ಹಿಡಿದು ಮನೆಯ ದಾರಿ ಹಿಡಿದೆ. ಎದುರಿಗೆ ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುವವ ಪೋಂ ಪೋಂ ಎಂದು ರಬ್ಬರಿನ ಹಾರ್ನು ಒತ್ತುತ್ತ ಬಂದ. ಆ ಹಾರ್ನಿಗೆ ಮನುಷ್ಯರಿಗಿಂತ ಮೊದಲು ಓಗೊಡುವುದು ಬೆಕ್ಕುಗಳು. ಪ್ರತಿ ದಣಪೆಯ ಬಳಿಯೂ ಒಂದೊಂದು ಬಾಲ ಎತ್ತಿ ನಿಂತಿತ್ತು. ಸ್ಕೂಟರು ನಿಲ್ಲಿಸಿ ನನ್ನ ಕೈ ನೋಡಿದ. ‘ಎಷ್ಟಕ್ ಕೊಟ್ರ್?’

‘ಹಗ್ಗ ಎಳೆದದ್ದು’ ಎಂದೆ. ಸ್ವಲ್ಪ ಗತ್ತಿನಿಂದಲೇ ಹೇಳಿದೆನೆಂದು ಕಾಣುತ್ತದೆ. ‘ನಾನ್ ನೂರಕ್ಕೆ ಎಂಟ್ ಕೊಡ್ತಿದ್ದೆ, ಎಳುದ್ ಎಂತಕ್ಕೆ?’ ಎಂದು ಹಾರ್ನು ಒತ್ತಿಕೊಂಡು ಹೋದ. ಅವನ ಲೆಕ್ಕದಲ್ಲಿ ನಾನು ಬೆಳಿಗ್ಗೆ ಮೂರು ಗಂಟೆ ದುಡಿದು ಸಂಪಾದಿಸಿದ್ದು ನೂರು ರೂಪಾಯಿ.

ಅಮ್ಮ ಮೀನು ನೋಡಿದಳು, ನನ್ನ ಮುಖ ಆಮೇಲೆ. ಕಿವಿರು ಎತ್ತಿದಳು, ಹೊಟ್ಟೆ ಒತ್ತಿದಳು. ‘ನೆಯ್ ಇತ್ತ್’ ಎಂದಳು. ಬಂಗುಡೆಗೆ ಅವಳು ಕೊಡುವ ಅತಿ ದೊಡ್ಡ ಪ್ರಶಸ್ತಿ ಅದು. ಪರ್ಸು ತೆಗೆದ ಕತೆ ಹೇಳಿದಾಗ ಮಾತ್ರ ಕೈಯಲ್ಲಿದ್ದ ಮೀನನ್ನು ಚಟ್ಟಿಯಲ್ಲಿ ಕುಕ್ಕಿ, ‘ದುಡ್ ಕೊಡುಕೆ ಹೋದ್ಯಾ? ಮಾನ ತೆಗ್ದೆ’ ಎಂದು ತಲೆ ಚಚ್ಚಿಕೊಂಡಳು.

ಅಡುಗೆ ನಾನೇ ಮಾಡುತ್ತೇನೆಂದು ಹಠ ಹಿಡಿದೆ. ಎಳೆದವನೇ ಬೇಯಿಸಬೇಕೆಂಬ ಹುಮ್ಮಸ್ಸು. ಅಮ್ಮನಿಗೆ ಎಪ್ಪತ್ತೆಂಟು, ಒಲೆಯ ಪಕ್ಕ ಮಣೆ ಎಳೆದು ಕೂತು ಬಾಯಿಯಲ್ಲೇ ಅಡುಗೆ ಮಾಡಲು ಒಪ್ಪಿದಳು. ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು ಕೂತು ಮೀನು ಕೊಯ್ಯುವ ವಿದ್ಯೆ ನನಗೆ ಒಲಿಯಲಿಲ್ಲ. ಎರಡು ಮೀನು ನನ್ನ ಕೈಯಲ್ಲಿ ಪಂಚರಾದ ಮೇಲೆ ಉಳಿದ ಆರನ್ನು ಅವಳೇ ಕಿತ್ತುಕೊಂಡಳು. ಬಾಲದ ಹತ್ತಿರದ ಸಣ್ಣ ರೆಕ್ಕೆಗಳು ಒಂದೇ ಎಳೆತಕ್ಕೆ ಹೋದವು, ಹೊಟ್ಟೆ ಒಂದು ಗೀಟಿಗೆ ಬಿಚ್ಚಿತು, ಕಿವಿರು ಬಂತು, ತಲೆ ಉಳಿಯಿತು. ತಲೆ ಉಳಿಯಲೇಬೇಕು. ಸಾರಿನ ರುಚಿ ಅರ್ಧಕ್ಕರ್ಧ ಅದರಿಂದಲೇ.

ಬಂಗುಡೆಗೆ ನಮ್ಮಲ್ಲಿ ಎರಡು ಪಕ್ಷ. ಕೊತ್ತಂಬರಿ, ಮೆಂತೆ, ಜೀರಿಗೆ, ಬೆಳ್ಳುಳ್ಳಿ ಎಲ್ಲ ಹುರಿದು ಕಡೆದು ದಪ್ಪ ಸಾರು ಮಾಡುವವರದು ಒಂದು. ಅದೆಲ್ಲ ಬೈಗೆಗೆ, ಕಾಣೆಗೆ ಸರಿ, ಬಂಗುಡೆಗೆ ಬೇಕಾದ್ದು ಜುಮ್ಮನಕಾಯಿ ಮಾತ್ರ ಎನ್ನುವವರದು ಇನ್ನೊಂದು. ಅಮ್ಮ ಎರಡನೆಯ ಪಕ್ಷದ ಕಟ್ಟಾಳು. ಜುಮ್ಮನಕಾಯಿಯೆಂದರೆ ಕೊಂಕಣಿಯವರ ತೆಪ್ಪಳ. ಮೈತುಂಬ ಮುಳ್ಳಿರುವ ಕಾಡುಮರದ ಕಾಯಿ, ಕಾಳುಮೆಣಸಿಗಿಂತ ತುಸು ದಪ್ಪ. ಮಳೆಗಾಲದಲ್ಲೇ ಹಸಿರು ಗೊಂಚಲು ಪೇಟೆಗೆ ಬರುತ್ತದೆ. ಬಂಗುಡೆ ಕಡಲಿನಿಂದ, ಜುಮ್ಮನಕಾಯಿ ಘಟ್ಟದ ಬುಡದಿಂದ ಹೊರಟು ಇದೇ ತಿಂಗಳಲ್ಲಿ ಒಲೆಯ ಮೇಲೆ ಭೇಟಿಯಾಗಬೇಕೆಂದು ಯಾರು ಗೊತ್ತು ಮಾಡಿದರೋ. ಬಾಯಿಗೆ ಹಾಕಿದರೆ ನಾಲಿಗೆ ಜುಂ ಎನ್ನುತ್ತದೆ, ಹೆಸರು ಅಲ್ಲಿಂದಲೇ ಬಂದಿರಬೇಕು. ಚೀನಾದ ಸಿಚುವಾನ್‌ನಲ್ಲಿ ಸಾರಿಗೆ ಹಾಕುವ ಮೆಣಸೂ ಇದರ ದಾಯಾದಿಯೇ. ಒಳಗಿನ ಕಪ್ಪು ಬೀಜ ಬಿಸಾಡಬೇಕು, ಸಿಪ್ಪೆ ಮಾತ್ರ ಉಪಯೋಗಕ್ಕೆ.

ಹದಿನೈದು ಒಣಮೆಣಸು ಒಂದೆರಡು ಹನಿ ತೆಂಗಿನೆಣ್ಣೆಯಲ್ಲಿ ಬಿಸಿ ಮಾಡಿ, ಅರ್ಧ ಕಾಯಿಯ ತುರಿ, ಅರಸಿನ, ನೆಲ್ಲಿಕಾಯಿ ಗಾತ್ರದ ಹುಳಿ ಸೇರಿಸಿ ನುಣ್ಣಗೆ ಕಡೆಯುವುದು. ಇಷ್ಟೇ. ಬೆಳ್ಳುಳ್ಳಿ ಇಲ್ಲ, ಒಗ್ಗರಣೆ ಇಲ್ಲ. ಕಡೆಯುವ ಕಲ್ಲಿನಲ್ಲಿ ಮಾಡೋಣವೆಂದು ನಾನು ಉಮೇದಿನಿಂದ ಕೂತೆ. ಗುಂಡುಕಲ್ಲಿಗೆ ಕೈ ಇಟ್ಟೊಡನೆ ಹಾಯ್ ಎಂದೆ. ಅಂಗೈ ತಿರುಗಿಸಿ ನೋಡಿದರೆ ನಾಲ್ಕೂ ಬೆರಳಿನ ಬುಡದಲ್ಲಿ ಬೊಬ್ಬೆ. ಎರಡು ಅದಾಗಲೇ ಒಡೆದು ಕೆಂಪಾಗಿದ್ದವು. ನೈಲಾನ್ ಹಗ್ಗ ಕೊಟ್ಟ ಪಾಲು ಅದು, ಅಷ್ಟು ಹೊತ್ತು ಗಮನಕ್ಕೇ ಬಂದಿರಲಿಲ್ಲ. ಅಮ್ಮ ನೋಡಿದಳು, ಏನೂ ಹೇಳದೆ ಮಿಕ್ಸಿ ತೋರಿಸಿದಳು. ಕಲ್ಲಿನ ರುಚಿ ಮಿಕ್ಸಿಗೆ ಬರುವುದಿಲ್ಲವೆಂದು ಬರೆಯುವವರೆಲ್ಲ ಹೆಚ್ಚಾಗಿ ಗಂಡಸರು, ಕಲ್ಲು ತಿರುಗಿಸದವರು.

ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿ ಬಂದ ಮೇಲೆ ಮೀನು ಬಿಟ್ಟೆ. ಹತ್ತು ಜುಮ್ಮನಕಾಯಿಯ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಜಜ್ಜಿ ಮೇಲೆ ಹಾಕಿದೆ. ತಳ ಹಿಡಿಯಬಾರದೆಂದು ಸೌಟು ಎತ್ತಿದ್ದೇ ತಡ, ಮಣೆಯ ಮೇಲಿಂದ ಅಮ್ಮ ಕೂಗಿದ ಕೂಗಿಗೆ ಅಂಗಳದ ಬೆಕ್ಕು ಓಡಿತು. ಮೀನು ಬಿದ್ದ ಪಾತ್ರೆಗೆ ಸೌಟು ಹಾಕಬಾರದು, ಬಟ್ಟೆ ಹಿಡಿದು ಪಾತ್ರೆಯನ್ನೇ ಒಮ್ಮೆ ತಿರುಗಿಸಿ ಇಡಬೇಕು. ನನ್ನ ಬೊಬ್ಬೆಯ ಕೈಗೆ ಅದೂ ಆಗದೆ ಅವಳೇ ಎದ್ದು ಬಂದು, ಕಿವಿ ಹಿಡಿದ ಹಾಗೆ ಪಾತ್ರೆಯ ಅಂಚು ಹಿಡಿದು ಅರ್ಧ ಸುತ್ತು ತಿರುಗಿಸಿದಳು. ಒಳಗೆ ಮೀನುಗಳು ಒಟ್ಟಾಗಿ ಒಂದು ಬದಿಗೆ ಸರಿದವು, ಹಿಂಡು ತಿರುಗಿದ ಹಾಗೆ. ಹತ್ತು ನಿಮಿಷಕ್ಕೆ ಇಳಿಸಿದಳು. ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ, ಮುಚ್ಚಳ. ಸಂಜೆಗೆ ತಿಂದರೆ ಇನ್ನೂ ಚೆಂದ, ನಾಳೆ ಬೆಳಿಗ್ಗೆ ಗಂಜಿಗೆ ಇಂಗಿದ ಸಾರು ಸಿಕ್ಕಿದರೆ ಅದಕ್ಕೂ ಚೆಂದ ಎಂದು ಗೊತ್ತಿದ್ದೂ ಇಬ್ಬರಿಗೂ ತಡೆಯಲಾಗಲಿಲ್ಲ.

ಕುಚ್ಚಲಕ್ಕಿ ಅನ್ನ, ಕೆಂಪು ಸಾರು, ಇಡೀ ಎರಡು ಬಂಗುಡೆ. ಕಲಸಲು ಕೈ ಹಾಕಿದೆ. ಮೆಣಸೂ ಹುಳಿಯೂ ಉಪ್ಪೂ ಒಟ್ಟಿಗೆ ಒಡೆದ ಬೊಬ್ಬೆಗಳಿಗೆ ಇಳಿದಾಗ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕೈ ಝಾಡಿಸಿಕೊಂಡು ಅಂಗಳಕ್ಕೆ ಹಾರಿ, ನಲ್ಲಿಗೆ ಕೈಯೊಡ್ಡಿ ನಿಂತೆ. ಒಳಗೆ ಬಂದಾಗ ಅಮ್ಮ ಚಮಚ ಇಟ್ಟಿದ್ದಳು. ಚಮಚದಲ್ಲಿ ಅನ್ನವೇನೋ ಬಂತು, ಆದರೆ ಬಂಗುಡೆಯ ಮುಳ್ಳಿಗೆ ಚಮಚದಿಂದ ಏನು ಮಾಡುವುದು? ಎಡಗೈಯಲ್ಲಿ ಪ್ರಯತ್ನಿಸೋಣವೆಂದರೆ ಅಮ್ಮನ ಮುಂದೆ ಎಡಗೈ ತಟ್ಟೆಗೆ ಹೋಗುವ ಹಾಗಿಲ್ಲ. ಮೂರು ಗಂಟೆ ಎಳೆದು, ಬೇಯಿಸಿ, ಮುಂದೆ ಬಡಿಸಿಕೊಂಡ ಮೀನನ್ನು ನೋಡುತ್ತ ಕೂತೆ.

ಅಮ್ಮ ತನ್ನ ತಟ್ಟೆ ಬದಿಗೆ ಸರಿಸಿ ನನ್ನದನ್ನು ಎಳೆದುಕೊಂಡಳು. ಬಂಗುಡೆಯ ಬೆನ್ನಿಗುಂಟ ಹೆಬ್ಬೆರಳು ಓಡಿಸಿ ಮೇಲಿನ ಸೀಳನ್ನು ಒಂದು ಬದಿಗೆ ಮಗುಚಿದಳು. ಬಾಲ ಹಿಡಿದು ನಿಧಾನಕ್ಕೆ ಎತ್ತಿದಳು. ನಡುಮುಳ್ಳು ಒಂದೂ ತುಂಡಾಗದೆ, ಬಾಚಣಿಗೆಯ ಹಾಗೆ, ತಲೆಯ ಸಮೇತ ಮೇಲೆದ್ದು ಬಂತು. ತಲೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಉಳಿದದ್ದನ್ನು ಬೆರಳಲ್ಲಿ ಒಮ್ಮೆ ಒತ್ತಿ ಒತ್ತಿ ನೋಡಿ, ಸಿಕ್ಕಿದ ಎರಡು ಸಣ್ಣ ಮುಳ್ಳನ್ನು ಬದಿಗಿಟ್ಟು, ಅನ್ನದ ಜೊತೆ ಉಂಡೆ ಮಾಡಿ ಚಮಚದ ಮೇಲಿಟ್ಟಳು.

‘ನಾಳೆ ಮತ್ತ್ ಹೋತ್ಯಾ, ಹಗ್ಗ ಎಳೂಕೆ?’ ಎಂದು ಕೇಳಿದಳು, ಎರಡನೇ ಬಂಗುಡೆಯ ಬೆನ್ನಿಗೆ ಹೆಬ್ಬೆರಳು ಇಡುತ್ತ.